ಹೊಳಿಯಪ್ಪ ಕೇಳಿದ ಕಾಗದ

ಮಾನ್ಯ ವಾಚಕ ಮಹಾಶಯರೇ, ಈ ಕಥೆಯನ್ನು ತಾವು ಕೈಗೆತ್ತಿಕೊಂಡ ಗಳಿಗೆ ಯಾವುದೋ ನಾನರಿಯೆ. ಊಟ ಮುಗಿಸಿ ಎಲೆಯಡಿಕೆ ಮೆಲ್ಲುತ್ತಿರುವ ಹೊತ್ತಾಗಿದ್ದರೆ ದಯಮಾಡಿ ಪುಸ್ತಕವನ್ನು ಮಗುಚಿಡಿ. ಇದರಲ್ಲಿ ಬೆಳದಿಂಗಳಿಲ್ಲ, ನಾಯಕಿಯ ಮುಂಗುರುಳಿಲ್ಲ, ಕೊನೆಯ ಪುಟದಲ್ಲಿ ದುಷ್ಟನ ಕೈಗೆ ಬೀಳುವ ಕೋಳವೂ ಇಲ್ಲ. ಇರುವುದು ಒಂದು ಹೆಣ, ಆಮೇಲೆ ಇನ್ನೊಂದು ಹೆಣ, ಇವೆರಡರ ನಡುವೆ ಒಂದು ಹಾಳೆ ಕಾಗದಕ್ಕಾಗಿ ಅಲೆದ ಒಬ್ಬ ಮನುಷ್ಯ. ಕೇಳಿರೆಂದು ಸರ್ಕಾರವೇ ಕಾನೂನು ಮಾಡಿ ಹೇಳಿದ್ದನ್ನು ಅವನು ಕೇಳಿದ. ಕೇಳಿದ್ದಕ್ಕೆ ಅವನಿಗೆ ದೊರಕಿದ್ದು ಮಾತ್ರ ಇಲ್ಲಿದೆ. ಧೈರ್ಯವಿದ್ದವರು ಮುಂದೆ ಬರಬಹುದು.

ಇಸವಿ ಎರಡು ಸಾವಿರದ ಒಂಬತ್ತು. ಸಜ್ಜೆ ತೆನೆಗಟ್ಟಿ ನಿಂತ ಹೊತ್ತಿಗೆ ಹಿಡಿದ ಮಳೆ ತೆರಪು ಕೊಡಲಿಲ್ಲ. ತಾವರಗೇರಾ ಸೀಮೆಯ ಕೆಂಪುಕುಂಟಿ ಎಂಬ ಊರಿಗೊಂದು ಹಳ್ಳವಿತ್ತು. ವರ್ಷದ ಹೆಚ್ಚು ಕಾಲ ಬರಿಯ ಮರಳು ತೋರಿಸುವ ಆ ಹಳ್ಳ ಆ ಸಲ ದಂಡೆಯನ್ನೇ ಕಿತ್ತುಕೊಂಡು ಹರಿಯಿತು. ದಂಡೆಯೊಳಗೆ ಕೇರಿಯ ಹೆಣಗಳಿದ್ದವು. ಊರಿನ ಒಂದೊಂದು ಜಾತಿಗೆ ಒಂದೊಂದು ಸುಡುಗಾಡು, ಒಂದೊಂದಕ್ಕೆ ಒಂದೊಂದು ಗೇಟು. ಮಾದಿಗರ ಹೆಣಕ್ಕೆ ಹಳ್ಳದ ದಂಡೆ.

ನೀರು ಇಳಿದ ಬೆಳಗ್ಗೆ ನಾಯಿಗಳು ಅಲ್ಲಿ ನೆರೆದಿದ್ದವು. ಊರಲ್ಲಿ ಹಲಗೆ ಬಾರಿಸಿ ಡಂಗುರ ಸಾರುವ ಹೊಳಿಯಪ್ಪ ಹೋಗಿ ನೋಡಿದ. ಬೇಸಿಗೆಯಲ್ಲಿ ಹುಗಿದಿದ್ದ ಅವನ ಹೆಂಡತಿ ಸುಂಕಲಮ್ಮ ಮರಳಿನ ಮೇಲೆ ಬಿದ್ದಿದ್ದಳು. ಮುಖ ಉಳಿದಿರಲಿಲ್ಲ. ಒಂದು ಕೈ ಉಳಿದಿತ್ತು. ಕಳೆ ಕೀಳುವಾಗ ಕುರುಪಿ ತಾಗಿ ಸೊಟ್ಟಗಾಗಿದ್ದ ಕಿರುಬೆರಳು ಆ ಕೈಯಲ್ಲಿ ಇನ್ನೂ ಸೊಟ್ಟಗೇ ಇತ್ತು. ಹೊಳಿಯಪ್ಪ ಕಲ್ಲು ಬೀರಿ ನಾಯಿಗಳನ್ನು ಓಡಿಸಿದ. ಸಿಕ್ಕಷ್ಟನ್ನು ಗೋಣಿಚೀಲಕ್ಕೆ ತುಂಬಿದ. ಹೊತ್ತಾಗ ಭಾರವೇ ಇರಲಿಲ್ಲ. ಭಾರವಿದ್ದಿದ್ದರೆ ಅವನು ಅಳುತ್ತಿದ್ದನೇನೋ. ಅದೇ ದಂಡೆಯಲ್ಲಿ ತುಸು ಮೇಲೆ ಮತ್ತೊಂದು ಕುಣಿ ತೋಡಿ ಹುಗಿದ. ಬೇರೆಲ್ಲಿ ಹುಗಿಯಬೇಕಿತ್ತು?

ಮನೆಯ ಹೊಸ್ತಿಲಲ್ಲಿ ಅವನ ತಾಯಿ ಮುದುಕವ್ವ ಕುಳಿತಿದ್ದಳು. ಉಬ್ಬಸದಿಂದ ಅವಳ ಎದೆಗೂಡು ತಿದಿಯ ಹಾಗೆ ಏರಿಳಿಯುತ್ತಿತ್ತು.

“ಎಲ್ಲಿ ಹುಗುದಿ?”

“ಅಲ್ಲೇ ಬೇ. ತುಸು ಮ್ಯಾಲ.”

“ಮತ್ತ ಮಳಿ ಬಂದ್ರ?”

ಹೊಳಿಯಪ್ಪ ಕಾಲಿಗೆ ಮೆತ್ತಿದ ಮರಳನ್ನು ಕೊಡವಿದ.

“ನಾ ಹೇಳೂದು ಕೇಳು. ನಂದೂ ಭಾಳ ದಿನ ಇಲ್ಲ. ನಾ ಮಾತ್ರ ಹಳ್ಳಕ್ಕ ಹೋಗಂಗಿಲ್ಲ. ನಾಯಿ ಹರಕೊಂಡು ತಿನ್ನಾಕ ನಾ ಏನ್ ಸತ್ತ ದನೇನು? ನಮಗ ಜಾಗಾ ಕೊಟ್ಟಾರಂತ ನೀನ ಊರ ತುಂಬ ಸಾರಿದ್ಯಲ್ಲೋ! ನಿನ್ನ ಹಲಗಿ ಸುಳ್ಳ ಹೇಳ್ತೇನು?”

ಹಲಗೆ ಸುಳ್ಳು ಹೇಳಿರಲಿಲ್ಲ. ಕೊಪ್ಪಳ ಹೊಸದಾಗಿ ಜಿಲ್ಲೆಯಾದ ಮರುವರ್ಷ ಯಾರೋ ದೊಡ್ಡ ಸಾಹೇಬರು ಜೀಪಿನಲ್ಲಿ ಬಂದು ಊರ ಬಡಗಣ ದಿಕ್ಕಿನ ಕಲ್ಲುಹೊಲವನ್ನು ಅಳೆಸಿ ಹೋಗಿದ್ದರು. ಆ ಸಂಜೆ ಹೊಳಿಯಪ್ಪನೇ ಓಣಿ ಓಣಿ ತಿರುಗಿ ಸಾರಿದ್ದ. “ಕೇಳ್ರಪೋ ಕೇಳ್ರೀ! ಬಡಗಣ ಕಲ್ಲುಹೊಲ ಇವತ್ತಿಂದ ಕೇರಿ ಮಂದಿ ಸುಡುಗಾಡು! ಸರಕಾರದ ಹುಕುಂ ಐತಿ! ಯಾರೂ ದನಾ ಬಿಡಬಾರ್ದು, ಬೇಲಿ ಹಾಕಬಾರ್ದು!” ಊರೆಲ್ಲ ಕೇಳಿತ್ತು. ದೊಡ್ಡಮನೆಯ ವಿರುಪಣ್ಣನೂ ತಲೆಬಾಗಿಲಲ್ಲಿ ನಿಂತು, ಹಲ್ಲಿಗೆ ಕಡ್ಡಿ ಹಾಕುತ್ತ ಕೇಳಿದ್ದ.

ಮುಂದಿನ ಬೇಸಿಗೆಯಲ್ಲಿ ಅವನೇ ಬೇಲಿ ಹಾಕಿದ. ಬೋರು ಕೊರೆಸಿದ. ದಾಳಿಂಬೆ ಇಡಿಸಿದ. ಗಿಡದ ಕುಣಿ ತೋಡಲು ಬಂದವರು ಕೇರಿಯವರೇ. ಗುದ್ದಲಿ ಎತ್ತಿದರೆ ಕಲ್ಲು, ಹಾರೆ ಇಳಿಸಿದರೆ ಕಲ್ಲು. ಅಂಗೈಯ ಬೊಬ್ಬೆಗಳು ಒಡೆದು ಹಿಡಿಕೆ ಜಾರುತ್ತಿತ್ತು. ಹೊಳಿಯಪ್ಪನೂ ತೋಡಿದ. ತಮ್ಮ ಹೆಣಗಳಿಗೆಂದು ಕೊಟ್ಟ ನೆಲದಲ್ಲಿ ಪರರ ಗಿಡಗಳಿಗೆ ಕುಣಿ ತೋಡಿ, ಆ ಕೂಲಿಯ ರೊಟ್ಟಿ ತಿಂದರು. ಗಿಡ ಕಾಯಿಗೆ ಬಂದ ಮೇಲೆ ಸುಂಕಲಮ್ಮ ವರ್ಷಗಟ್ಟಲೆ ಅಲ್ಲಿಯೇ ಔಷಧಿಯ ಕೊಡ ಹೊತ್ತಳು. ಔಷಧಿ ನೆತ್ತಿಯಿಂದ ಸೋರಿ ಬಾಯಿಗಿಳಿಯುತ್ತಿತ್ತು. ಕೆಮ್ಮಿದಳು. ರಕ್ತ ಕೆಮ್ಮಿದಳು. ಸತ್ತಳು. ಕಲ್ಲುಹೊಲ ಅವಳನ್ನು ತಿಂದಿತು. ಮಲಗಲು ಮಾತ್ರ ಜಾಗ ಕೊಡಲಿಲ್ಲ.

ತಾವರಗೇರಾ ಸಂತೆಯಲ್ಲಿ ಸ್ಟೋವು, ಕೊಡೆ ರಿಪೇರಿ ಮಾಡುವ ಇಬ್ರಾಹಿಂಸಾಬ ಬಡವರಿಗೆ ಅರ್ಜಿಯನ್ನೂ ಬರೆದುಕೊಡುತ್ತಿದ್ದ. ಹೊಳಿಯಪ್ಪ ಅವನ ಮುಂದೆ ಕುಕ್ಕರಗಾಲಲ್ಲಿ ಕುಳಿತ.

“ಏನಂತ ಬರೀಲಿ?”

“ನಮ್ಮವ್ವನ್ನ ಎಲ್ಲಿ ಹುಗೀಬೇಕು ಅಂತ ಬರೀರಿ.”

“ಹಂಗ ಬರದ್ರ ನಮ್ಮ ತಲಿ ಮ್ಯಾಲ ಹುಗಿ ಅಂತಾರ. ಸರಕಾರಕ್ಕ ಅಳು ತಿಳಿಯಂಗಿಲ್ಲೋ ಮಾರಾಯಾ, ನಂಬರ್ ತಿಳೀತೈತಿ.” ಇಬ್ರಾಹಿಂಸಾಬ ಕೈಯ ಸೀಮೆಎಣ್ಣೆಯನ್ನು ಒರೆಸಿಕೊಂಡು ಬರೆದ. ಕೆಂಪುಕುಂಟಿಯ ಪರಿಶಿಷ್ಟರ ಸ್ಮಶಾನಕ್ಕೆ ಮಂಜೂರಾದ ಜಮೀನಿನ ಆದೇಶದ ನಕಲು ಬೇಕು, ನಕ್ಷೆ ಬೇಕು, ಆ ಜಮೀನು ಈಗ ಯಾರ ಸ್ವಾಧೀನದಲ್ಲಿದೆ ಎಂಬ ಮಾಹಿತಿ ಬೇಕು. “ಇದು ಬೇಡೂದಲ್ಲ, ತಿಳೀತಾ? ಹಕ್ಕು. ಕೊಡಲಿಲ್ಲಂದ್ರ ಅವರಿಗೆ ದಂಡ.”

ಹೊಳಿಯಪ್ಪ ನಕ್ಕುಬಿಟ್ಟ. “ಅವರಿಗೆ ದಂಡೇನ್ರಿ? ಸಾಬ್ರ, ಈ ಸುದ್ದಿ ಸಾರಾಕ ಹೋದ್ರ ನನ್ನ ಹಲಗೀನ ನಗತೈತಿ ನೋಡ್ರಿ.”

ನಕ್ಕರೂ ಅರ್ಜಿಯನ್ನು ಕಣ್ಣಿಗೊತ್ತಿಕೊಂಡು ಅಂಗಿಯೊಳಗೆ ಇಟ್ಟುಕೊಂಡ. ಮರುದಿನ ಪಂಚಾಯಿತಿ ಕಚೇರಿಗೆ ಕೊಟ್ಟು ಬಂದ. ಮುದುಕವ್ವನಿಗೆ ಹೇಳಿದಾಗ ಅವಳು ಆ ದಿನ ರೊಟ್ಟಿ ಕೇಳಿ ತಿಂದಳು.

ಇಲ್ಲಿ ಡಂಗುರದ ಪದ್ಧತಿಯೊಂದನ್ನು ಹೇಳಬೇಕು. ಚಾವಡಿಯ ಕಟ್ಟೆಯ ಮೇಲೆ ಕುಳಿತವರು ಸುದ್ದಿಯನ್ನು ಬಾಯಲ್ಲಿ ಹೇಳುತ್ತಾರೆ. ಕೆಳಗೆ ನಿಂತವನು ಅದನ್ನು ಒಂದಕ್ಷರ ತಪ್ಪದಂತೆ ತಿರುಗಿ ಒಪ್ಪಿಸಬೇಕು. ಸರಿ ಎಂದರೆ ಕೂಲಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿ ಹೊರಡಬೇಕು. ಯಾಕೆ, ಏನು ಎಂದು ವಿಚಾರಿಸುವುದು ಅವನ ಕೆಲಸವಲ್ಲ. ಹೊಳಿಯಪ್ಪನ ಅಪ್ಪ ವಿಚಾರಿಸಿರಲಿಲ್ಲ, ಅಜ್ಜ ವಿಚಾರಿಸಿರಲಿಲ್ಲ. ಮೇಲಿನವರ ಮಾತು ಕಿವಿಗೆ ಬಿದ್ದರೆ ಅದು ಬಾಯಿಂದ ತಾನಾಗಿಯೇ ತಿರುಗಿ ಬರುತ್ತಿತ್ತು. ಹೊಡೆದರೆ ಹಲಗೆ ನುಡಿದ ಹಾಗೆ.

ಉತ್ತರ ಬಂದಿದೆ ಎಂದು ಕರೆ ಬಂತು. ಹೊಳಿಯಪ್ಪ ತೊಳೆದ ಅಂಗಿ ಹಾಕಿಕೊಂಡು ಹೋದ. ಪಂಚಾಯಿತಿಯ ಮೆಟ್ಟಿಲನ್ನು ಅವನು ಎಂದೂ ಹತ್ತಿದವನಲ್ಲ. ಕೆಳಗಿನ ಕಾದ ಚಪ್ಪಡಿಯ ಮೇಲೆ ನಿಂತ. ಒಳಗೆ ಕಾರ್ಯದರ್ಶಿ ಗೋವಿಂದರಾಜ ಕುರ್ಚಿಯಲ್ಲಿದ್ದ. ಬೆಂಚಿನ ಮೇಲೆ ವಿರುಪಣ್ಣ ಮತ್ತು ಅವನ ಇಬ್ಬರು ಆಳುಗಳು. ಪಂಚಾಯಿತಿಯ ಅಧ್ಯಕ್ಷೆ ವಿರುಪಣ್ಣನ ಹೆಂಡತಿ. ಅವಳು ಮನೆಯಲ್ಲಿರುತ್ತಿದ್ದಳು; ಅಧ್ಯಕ್ಷಗಿರಿ ಬೆಂಚಿನ ಮೇಲಿರುತ್ತಿತ್ತು.

“ಬಾರೋ ಹೊಳ್ಯಾ,” ಎಂದ ವಿರುಪಣ್ಣ. “ಭಾರೀ ದೊಡ್ಡ ಮನುಷ್ಯಾ ಆಗೀಯಂತ. ಕಾನೂನು ಓದೀಯಂತ.”

“ಎಲ್ಲಿ ಓದೂದ್ರಿ ಧಣಿ.”

“ಸಾಹೇಬ್ರು ನಿನ್ನ ಉತ್ತರ ಬರಿಯಾಕ ಹತ್ಯಾರ. ಅಲ್ಲಿತನ ಸುಮ್ಮನ ಯಾಕ ನಿಂದರ್ತಿ? ಆ ಗಟಾರದಾಗ ಹೆಗ್ಗಣ ಸತ್ತು ನಾರಾಕ ಹತ್ತೈತಿ. ತಗದು ಒಗಿ ಹೋಗು.”

ಹೊಳಿಯಪ್ಪ ಗಟಾರದ ಮುಂದೆ ಕುಳಿತು ಮೊಣಕೈವರೆಗೆ ಕೈ ಇಳಿಸಿದ. ಹೆಗ್ಗಣ ಕೊಳೆತಿತ್ತು. ಬಾಲ ಹಿಡಿದರೆ ಬಾಲವೇ ಕೈಗೆ ಬಂತು. ಉಳಿದದ್ದನ್ನು ಬೊಗಸೆಯಲ್ಲಿ ಎತ್ತಬೇಕಾಯಿತು. ತೊಳೆದ ಅಂಗಿಯ ತೋಳು ಹೊಲಸಾಯಿತು. ಬೆಂಚಿನ ಮೇಲಿನವರು ಮೂಗಿಗೆ ಟವೆಲು ಹಿಡಿದು ನಗುತ್ತಿದ್ದರು. ಒಗೆದು ಬಂದು ಕೈಗೆ ನೀರು ಕೇಳಿದ. “ಉತ್ತರಾ ಮೊದಲ ಕೇಳು, ನೀರು ಆಮ್ಯಾಲ,” ಎಂದರು.

ಗೋವಿಂದರಾಜ ಪೆನ್ನು ತೆಗೆದ. “ಓದಾಕ ಬರಂಗಿಲ್ಲಲ್ಲ ನಿನಗ? ಬಾಯಿಲೆ ಹೇಳ್ತೀನಿ. ತಿರುಗಿ ಒಪ್ಪಿಸು. ಕೆಂಪುಕುಂಟಿ ಕೇರಿಗೆ ಸುಡುಗಾಡು ಜಮೀನು ಮಂಜೂರಾಗಿಲ್ಲ.”

ಸುಳ್ಳು ಎಂದು ಹೊಳಿಯಪ್ಪನ ಎದೆ ಕೂಗಿತು. ಆದರೆ ನಾಲಿಗೆ ಎದೆಯನ್ನು ಕೇಳುವ ನಾಲಿಗೆಯಾಗಿರಲಿಲ್ಲ. “ಕೆಂಪುಕುಂಟಿ ಕೇರಿಗೆ ಸುಡುಗಾಡು ಜಮೀನು ಮಂಜೂರಾಗಿಲ್ರೀ.”

“ಬಡಗಣ ಕಲ್ಲುಹೊಲ ವಿರುಪಣ್ಣನೋರ ಹಿರೇರ ಕಾಲದ್ದು.”

“ಬಡಗಣ ಕಲ್ಲುಹೊಲ ವಿರುಪಣ್ಣನೋರ ಹಿರೇರ ಕಾಲದ್ರೀ.”

“ಹಳ್ಳದ ದಂಡಿ ನಮಗ ಸಾಕು. ಅರ್ಜಿ ತಪ್ಪಿ ಕೊಟ್ಟೀನಿ, ಹಿಂದಕ್ಕ ತೊಗೊಂಡೀನಿ.”

ಒಂದು ಕ್ಷಣ ನಾಲಿಗೆ ತೊಡರಿತು. ವಿರುಪಣ್ಣ “ಹೂಂ?” ಎಂದ. ಆ ಹೂಂಕಾರ ಚಾವಡಿಯ ಹೂಂಕಾರವೇ ಆಗಿತ್ತು. ಹೊಳಿಯಪ್ಪ ಅದನ್ನೂ ಒಪ್ಪಿಸಿದ.

ಗೋವಿಂದರಾಜನ ಪೆನ್ನು ಜೊತೆಜೊತೆಗೇ ಓಡುತ್ತಿತ್ತು. ಆಳುಗಳಿಬ್ಬರೂ ಬಗ್ಗಿ ಏನೋ ಗೀಚಿದರು. ಶಾಯಿಯ ಡಬ್ಬಿಯನ್ನು ಗೋವಿಂದರಾಜ ಪಟ್ಟಿಕಟ್ಟಿಗೆಯ ತುದಿಯಿಂದ ಮೆಟ್ಟಿಲಿನವರೆಗೆ ತಳ್ಳಿದ. ಹೆಗ್ಗಣದ ಹೊಲಸಿದ್ದ ಹೆಬ್ಬೆಟ್ಟನ್ನು ಹೊಳಿಯಪ್ಪ ಚೊಣ್ಣಕ್ಕೆ ಒರೆಸಿಕೊಂಡು, ಕೂಲಿ ಪುಸ್ತಕಕ್ಕೆ ಒತ್ತುವ ಹಾಗೆಯೇ ಒತ್ತಿದ. ಅವರು ಒಂದು ನಕಲನ್ನು ನೆಲಕ್ಕೆ ಬಿಟ್ಟರು. ಅವನು ಎತ್ತಿ ಕಣ್ಣಿಗೊತ್ತಿಕೊಂಡ. ಸರ್ಕಾರದ ಕಾಗದ.

ಸಂತೆಯಲ್ಲಿ ಇಬ್ರಾಹಿಂಸಾಬ ಅದನ್ನು ಎರಡು ಸಲ ಓದಿದ.

“ಇದನ್ನ ನೀನ ಹೇಳ್ದೇನೋ?”

“ಅವ್ರು ಹೇಳಿದ್ರು. ನಾ ಒಪ್ಪಿಸ್ದೆ.”

“ಇದರಾಗ ಅವರೇನೂ ಹೇಳಿಲ್ಲಲ್ಲೋ! ಎಲ್ಲಾ ನೀನ ಹೇಳೀಯಂತ ಐತಿ. ಇದು ಉತ್ತರ ಅಲ್ಲ, ನಿನ್ನ ಜಬಾನಿ. ಅರ್ಜಿದಾರ ಖುದ್ದು ಬಂದು, ಸಾಕ್ಷಿದಾರರ ಮುಂದ, ತನ್ನ ಬಾಯಿಲೆ ಒಪ್ಪಿಕೊಂಡಾನಂತ.”

ಹೊಳಿಯಪ್ಪ ತನ್ನ ಬಾಯಿಯ ಮೇಲೆ ತಾನೇ ಹೊಡೆದುಕೊಂಡ. ತುಟಿ ಒಡೆಯಿತು. ಮತ್ತೆ ಹೊಡೆದುಕೊಂಡ. ಸಂತೆಯ ಜನ ನೋಡುತ್ತಿದ್ದರು. ಇಬ್ರಾಹಿಂಸಾಬ ಅವನ ಕೈ ಹಿಡಿದ. “ಬ್ಯಾಡೋ. ಇನ್ನೊಂದು ದಾರಿ ಐತಿ. ಕುಷ್ಟಗಿ ತಾಲೂಕ ಕಚೇರಿಗೆ ಮೇಲ್ಮನವಿ ಹಾಕೋಣ.” ಅಲ್ಲೇ ಬರೆದು ಅಂಚೆಗೆ ಹಾಕಿಸಿದ.

ಮುದುಕವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಬಯ್ಯಲಿಲ್ಲ. “ನಾ ಮೊಲಿ ಕೊಟ್ಟ ಬಾಯಿ ಅದು,” ಎಂದಳು. “ಅದ ನನ್ನ ಹಳ್ಳಕ್ಕ ದಬ್ಬಿತು ನೋಡು.” ಅಂದಿನಿಂದ ಸಾಯುವವರೆಗೆ ಮಗನೊಡನೆ ಅವಳು ಮಾತಾಡಲಿಲ್ಲ.

ಚಳಿ ಹಿಡಿದಾಗ ಅವಳ ಉಸಿರು ನಿಂತಿತು. ಹೆಣವನ್ನು ಗೋಡೆಗೊರಗಿಸಿ ಕೂರಿಸಿ, ಹಣೆಗೆ ಭಂಡಾರ ಹಚ್ಚುತ್ತಿದ್ದ ಹೊತ್ತಿಗೆ ಚಾವಡಿಯ ಓಲೇಕಾರ ಯಂಕೋಬ ಬಂದು ಅಂಗಳದಾಚೆಯೇ ನಿಂತ.

“ಹೊಳ್ಯಾ, ಹಲಗಿ ತೊಗೊಂಡು ಬರಬೇಕಂತ. ಸುದ್ದಿ ಐತಿ.”

“ನಮ್ಮವ್ವ ತೀರ್ಕೊಂಡಾಳ.”

“ಕಾಣಸ್ತೈತಿ. ಹೆಣ ಏನ್ ಎದ್ದು ಓಡಿ ಹೋಗಂಗಿಲ್ಲ, ಜಲ್ದಿ ಬಾ.”

ಹೊಳಿಯಪ್ಪ ಹಲಗೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟ. ಹೋಗಬಾರದೆಂದು ಅವನಿಗೆ ಆಗ ಹೊಳೆಯಲಿಲ್ಲ. ಕರೆದರೆ ಹೋಗುವುದು ಕಾಲಿಗೆ ರೂಢಿಯಾಗಿತ್ತು.

ಕಟ್ಟೆಯ ಮೇಲೆ ವಿರುಪಣ್ಣ, ಗೋವಿಂದರಾಜ, ಊರಿನ ನಾಲ್ಕು ದೊಡ್ಡವರು. ಸುತ್ತ ಜನ.

“ಕುಷ್ಟಗಿಗೆ ಕಾಗದಾ ಬರಸೀಯಂತಲ್ಲ, ಛಲೋ ಆತು,” ಎಂದ ವಿರುಪಣ್ಣ. “ಈಗ ಇದನ್ನ ಸಾರು. ಹೊಳಿಯಪ್ಪಗ ಯಾರೂ ಕೂಲಿ ಕೊಡಬಾರ್ದು. ಗಿರಣ್ಯಾಗ ಅವನ ಹಿಟ್ಟು ಬೀಸಬಾರ್ದು. ಅಂಗಡ್ಯಾಗ ಸಾಮಾನು ಕೊಡಬಾರ್ದು. ಅವರವ್ವನ ಹೆಣಾ ಹಳ್ಳ ಬಿಟ್ಟು ಬ್ಯಾರೆ ಕಡೆ ಒಯ್ಯಾಕ ಹೆಗಲ ಕೊಟ್ಟವರಿಗೂ ಇದ ಹುಕುಂ. ಹೂಂ, ಒಪ್ಪಿಸು.”

ಜನ ಕಾದರು. ಹೊಳಿಯಪ್ಪನ ನಾಲಿಗೆ ಎಂದಿನಂತೆ ಎದ್ದಿತು. ಅವನು ಹಲ್ಲು ಕಚ್ಚಿದ. ನಾಲಿಗೆ ಹಲ್ಲಿಗೆ ಬಡಿಯಿತು. ಉಪ್ಪುಪ್ಪಾಗಿ ರಕ್ತ ಬಂತು. ನುಂಗಿದ.

“ಕಿವಿ ಹೋಗ್ಯಾವೇನು? ಒಪ್ಪಿಸಲೇ!”

“ಬರದು ಕೊಡ್ರಿ.”

“ಏನಂದಿ?”

“ಈಗ ಹೇಳಿದ್ರಲ್ರಿ, ಅದನ್ನ ಕಾಗದದ ಮ್ಯಾಲ ಬರದು ಕೊಡ್ರಿ. ಕೆಳಗ ನಿಮ್ಮ ಸಹಿ ಹಾಕ್ರಿ. ಆಮ್ಯಾಲ ಸಾರ್ತೀನಿ.”

ಯಾರೋ ನಕ್ಕರು. ನಗು ನಡುವೆಯೇ ನಿಂತಿತು. ವಿರುಪಣ್ಣ ಗೋವಿಂದರಾಜನ ಕಡೆ ತಿರುಗಿದ. ಗೋವಿಂದರಾಜ ನೆಲ ನೋಡಿದ. ಅಂಥದೊಂದು ಸಾಲಿನ ಕೆಳಗೆ ಸಹಿ ಬಿದ್ದರೆ ಅದು ಎಲ್ಲಿಗೆ ಒಯ್ಯುತ್ತದೆಂದು ಅವನಿಗೆ ಗೊತ್ತಿತ್ತು. “ಇಂಥಾವು ಬರಿಯಾಕ ಬರಂಗಿಲ್ಲ ಧಣಿ,” ಎಂದು ಗೊಣಗಿದ.

“ಯಾಕ ಬರಂಗಿಲ್ರಿ?” ಎಂದ ಹೊಳಿಯಪ್ಪ. ಆ ಕಟ್ಟೆಯ ಮುಂದೆ ನಿಂತು ಅವನ ವಂಶದವರು ಕೇಳಿದ ಮೊದಲ ಪ್ರಶ್ನೆ ಅದು. “ನಾ ಅಂದಿದ್ದು ಬರಕೊಂಡ್ರಿ. ನೀವು ಅಂದಿದ್ದಕ್ಕ ಯಾಕ ಪೆನ್ನ ಏಳವಲ್ದು?”

ವಿರುಪಣ್ಣ ಕಟ್ಟೆಯಿಂದ ಇಳಿಯಲಿಲ್ಲ. ದನಿಯನ್ನೂ ಏರಿಸಲಿಲ್ಲ. “ಅವನ ಕೈ ನೋಡಕೋರಿ,” ಎಂದ.

ಆಳುಗಳು ಹೊಳಿಯಪ್ಪನ ಬಲಗೈಯನ್ನು ಕಟ್ಟೆಯ ಅಂಚಿಗೆ ಒತ್ತಿ ಹಿಡಿದರು. ಒಬ್ಬ ಗುಂಡುಕಲ್ಲು ಎತ್ತಿದ. ಮೊದಲ ಏಟಿಗೆ ಹೆಬ್ಬೆಟ್ಟು ಚಪ್ಪಟೆಯಾಯಿತು. “ಒಪ್ಪಿಸು,” ಎಂದರು. “ಬರದು ಕೊಡ್ರಿ,” ಎಂದ. ಎರಡನೆಯ ಏಟಿಗೆ ಬೆರಳುಗಳ ಬುಡ ಮುರಿದ ಸದ್ದು ಗುಂಪಿನ ಹಿಂದೆ ನಿಂತವರಿಗೂ ಕೇಳಿಸಿತು. “ಒಪ್ಪಿಸು.” “ಬರದು ಕೊಡ್ರಿ.” ಆಮೇಲೆ ದನಿ ಹೊರಡಲಿಲ್ಲ, ತುಟಿಯಷ್ಟೇ ಆಡುತ್ತಿತ್ತು. ಕುಡುಗೋಲಿನಿಂದ ಹಲಗೆಯ ಚರ್ಮವನ್ನು ಅಡ್ಡಕ್ಕೆ ಸೀಳಿ ಅವನ ಎದೆಯ ಮೇಲೆ ಎಸೆದರು. ಊರು ನೋಡಿತು. ನೋಡಿ, ಹೊಲಕ್ಕೆ ಹೋಗಲು ಹೊತ್ತಾಯಿತೆಂದು ಚದುರಿತು.

ಇಷ್ಟಕ್ಕೇ ಮುಗಿದಿದ್ದರೆ ಒಳ್ಳೆಯದಿತ್ತು. ಮುರಿದ ಕೈಯನ್ನು ಎದೆಗವಚಿಕೊಂಡು ಹೊಳಿಯಪ್ಪ ಮನೆಗೆ ಬಂದಾಗ ಕೇರಿಯವರು ಚಟ್ಟ ಕಟ್ಟಿ ನಿಲ್ಲಿಸಿದ್ದರು. ನೆರೆಮನೆಯ ಫಕೀರಮ್ಮ ಅವನ ಮುಖ ನೋಡದೆ ಹೇಳಿದಳು. “ಯಪ್ಪಾ, ನಾಳೆ ನಮ್ಮ ಒಲಿ ಹೊತ್ತಬೇಕು. ಹಳ್ಳಕ್ಕ ಒಯ್ತೀವಿ. ಬ್ಯಾಡ ಅನಬ್ಯಾಡ.”

“ಅಕಿ ಹೋಗಂಗಿಲ್ಲ ಅಂದಾಳ.”

“ಸತ್ತವರು ಏನರೆ ಅಂತಾರ. ಬದುಕಿದವರು ನಾವು.”

ಅವನು ಹೊಸ್ತಿಲಿಗೆ ಅಡ್ಡ ಕುಳಿತ. ಅವನದೇ ಕೇರಿಯ, ಅವನ ಜೊತೆ ಕಲ್ಲುಹೊಲದಲ್ಲಿ ಕುಣಿ ತೋಡಿದ ಕೈಗಳು ಅವನನ್ನು ಮಗುವಿನಂತೆ ಎತ್ತಿ ಪಕ್ಕಕ್ಕಿಟ್ಟವು. ಮುದುಕವ್ವನನ್ನು ಹೊತ್ತು ನಡೆದರು. ಮುಂದೆ ಹಲಗೆಯ ಸದ್ದಿರಲಿಲ್ಲ. ಸುಂಕಲಮ್ಮನ ಪಕ್ಕದಲ್ಲಿ, ಹಳ್ಳದ ದಂಡೆಯಲ್ಲಿ ಹುಗಿದರು. ಮೊದಲ ಹಿಡಿಮಣ್ಣು ಮಗನದಾಗಬೇಕು. ಮಗ ಹೋಗಲಿಲ್ಲ. ಮಗನ ಮಣ್ಣಿಲ್ಲದೆಯೇ ಅವಳು ಮಣ್ಣಾದಳು.

ಕೈಯ ಬಾವು ಇಳಿಯುವ ಮೊದಲೇ ಕುಷ್ಟಗಿಯಿಂದ ವಿಚಾರಣೆಯ ಕರೆ ಬಂತು. ಹೊಳಿಯಪ್ಪ ಸೀಳಿದ ಹಲಗೆಯನ್ನು ಹೆಗಲಿಗೇರಿಸಿಕೊಂಡು ಮನೆಯ ಬಾಗಿಲು ಎಳೆದುಕೊಂಡ. ಬೀಗ ಹಾಕಲು ಒಳಗೆ ಏನೂ ಇರಲಿಲ್ಲ.

ಕಚೇರಿಯ ಮೇಜಿನ ಹಿಂದಿನವರು ಹೇಳಿದರು, “ನಿಂದೇನು ತಕರಾರು? ಬಾಯಿಲೆ ಹೇಳು, ಲಗೂನ.”

“ಬಾಯಿಲೆ ಹೇಳಂಗಿಲ್ರಿ. ಬಾಯಿಲೆ ಹೇಳಿ ನಮ್ಮವ್ವನ್ನ ಕಳಕೊಂಡೀನಿ. ಅರ್ಜ್ಯಾಗ ಐತಿ, ಓದ್ರಿ. ಕಲ್ಲುಹೊಲ ಯಾರದಂತ ನೀವು ಬರದು ಕೊಡ್ರಿ. ಅಲ್ಲಿತನ ಇಲ್ಲೇ ಕುಂಡರ್ತೀನಿ.”

“ಹಂಗ ಆಗಂಗಿಲ್ಲ. ಹೆಬ್ಬಟ್ಟು ಒತ್ತಿ ಹೋಗು. ಮುಂದಿನ ತಾರೀಖು ಕಳಸ್ತೀವಿ.”

ಹೊಳಿಯಪ್ಪ ಬಟ್ಟೆ ಸುತ್ತಿದ ಬಲಗೈಯನ್ನು ಮೇಜಿನ ಮೇಲಿಟ್ಟ. ಬಟ್ಟೆಯಿಂದ ಕೀವು ಒಸರಿ ಫೈಲಿನ ಅಂಚಿಗೆ ಹತ್ತಿತು.

“ಅದನ್ನ ಕೆಂಪುಕುಂಟ್ಯಾಗ ಇಸಕೊಂಡಾರ್ರಿ.”

ಈಗ ಅವನು ಆ ಕಚೇರಿಯ ಗೇಟಿನ ಪಕ್ಕ ಬೇವಿನ ಬುಡದಲ್ಲಿ ಕುಳಿತಿದ್ದಾನೆ. ಎಡಗೈಯಿಂದ ಸೀಳಿದ ಹಲಗೆಯನ್ನು ಬಾರಿಸುತ್ತಾನೆ. ಒಣ ತೊಗಲಿನ ಹರಕು ಸದ್ದು. ಕಿಟಕಿಗಳನ್ನು ಮುಚ್ಚಿಕೊಳ್ಳುತ್ತಾರೆ. ಹಲಗೆಯ ಹಿಂದೆ ಸುದ್ದಿ ಬರಬೇಕಾದದ್ದು ಈ ಸೀಮೆಯ ರೂಢಿ; ದಾರಿಹೋಕರು ಸೈಕಲ್ಲಿನಿಂದ ಕಾಲಿಳಿಬಿಟ್ಟು ಕಾಯುತ್ತಾರೆ. ಹೊಳಿಯಪ್ಪ ಬಾಯಿ ತೆರೆಯುವುದಿಲ್ಲ. ಸುದ್ದಿ ಒಳಗಿನ ಕಪಾಟಿನಲ್ಲಿದೆ.

ವಾಚಕರೇ, ಬಸ್ಸಿಗೆ ಕಾಯುತ್ತ ಅವನ ಪಕ್ಕದಲ್ಲಿ ಹಾಸಿ ಕುಳಿತಿದ್ದ ಟವೆಲನ್ನು ನಾನು ಜಾಡಿಸಿ ಚೀಲಕ್ಕೆ ತುರುಕಿದೆ. ಓದಿ ಮುಗಿಸಿದ್ದ ಕಾದಂಬರಿಯನ್ನು ಬೇವಿನ ಬುಡದಲ್ಲೇ ಬಿಟ್ಟೆ. ಯಲಬುರ್ಗಾದ ಬಸ್ಸು ಬಂತು, ಹ್ಯಾಂಡಲು ಹಿಡಿದು ಹತ್ತಿದೆ. ಬಹು ದೂರದವರೆಗೂ ಆ ಹಲಗೆ ಕೇಳಿಸುತ್ತಿತ್ತು ಎಂದು ಬರೆದರೆ ಸುಳ್ಳಾದೀತು. ಸೀಳಿದ ಹಲಗೆ ಅದು. ಬಸ್ಸು ಮೊದಲ ತಿರುವು ದಾಟುವ ಮೊದಲೇ ಸದ್ದು ಅಡಗಿತು.